ಬಾಲ್ದಿ, ಮದಗ, ಲೇಡೀಸ್ ಬ್ಯಾಚು

ನಮ್ಮ ಮನೆಯ ಬಚ್ಚಲಿನಲ್ಲಿ ಖಾಲಿ ಬಾಲ್ದಿಯನ್ನು ಇದುವರೆಗೆ ಯಾರೂ ಕಂಡಿಲ್ಲ. ಚೆಂಬೂರಿನ ಈ ಕಟ್ಟಡಕ್ಕೆ ನೆಲದಡಿಯಲ್ಲೊಂದು ಟಾಕಿ, ತಾರಸಿಯ ಮೇಲೊಂದು ಟಾಕಿ ಇದೆ. ವಾಚ್‌ಮನ್ ಹೊತ್ತುಹೊತ್ತಿಗೆ ಪಂಪು ಹಾಕುತ್ತಾನೆ. ನಲ್ಲಿ ತಿರುಗಿಸಿದರೆ ಹಗಲಿರುಳೂ ನೀರು. ಆದರೂ ರಾತ್ರಿ ಮಲಗುವ ಮುಂಚೆ ಎರಡು ಬಾಲ್ದಿ, ಒಂದು ಟಬ್ಬು, ಅಡುಗೆಮನೆಯ ಸ್ಟೀಲಿನ ಕೊಡಪಾನ, ಕೊನೆಗೆ ಕೈಗೆ ಸಿಕ್ಕಿದ ಚೆಂಬನ್ನೂ ತುಂಬಿಸಿಟ್ಟರೇ ನನಗೆ ನಿದ್ದೆ. ಸೊಸೆಗೆ ಇದೊಂದು ತಲೆನೋವು. ಅವಳು ಷವರಿನ ಕೆಳಗೆ ನಿಲ್ಲಬೇಕಾದರೆ ಮೊದಲು ನನ್ನ ಬಾಲ್ದಿಗಳನ್ನು ದಾಟಬೇಕು. "ಅಮ್ಮ, ಯುದ್ಧಗಿದ್ಧ ಶುರುವಾಗತ್ತಾ?" ಎಂದು ಮಗ ಕೇಳುತ್ತಾನೆ. ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ "ಪೈಪ್‌ಲೈನ್ ದುರಸ್ತಿ, ನಾಳೆ ನೀರಿಲ್ಲ" ಎಂದು ಬಂದ ರಾತ್ರಿ ಇಡೀ ಕಟ್ಟಡ ಬಾಲ್ದಿ ಹುಡುಕಿಕೊಂಡು ಓಡಾಡುತ್ತದೆ. ನಾನೊಬ್ಬಳು ಟಿವಿ ಮುಂದೆ ಕಾಲು ಚಾಚಿ ಕೂತಿರುತ್ತೇನೆ. ಅಂಥ ರಾತ್ರಿಗಳು ವರ್ಷಕ್ಕೆ ಒಂದೋ ಎರಡೋ ಬರುತ್ತವಲ್ಲ ಎಂಬುದೇ ನನ್ನ ದುಃಖ.

ಈ ರೋಗ ಹತ್ತಿದ್ದು ವಾಕೋಲಾದಲ್ಲಿ. ಅಪ್ಪಯ್ಯ ಫೋರ್ಟಿನ ಹೋಟೆಲೊಂದರಲ್ಲಿ ಗಲ್ಲೆಯ ಮೇಲೆ ಕೂರುತ್ತಿದ್ದರು. ನಾವು ಸಾಂತಾಕ್ರೂಜ್ ಪೂರ್ವದ ಚಾಳಿನಲ್ಲಿ ಒಂದೇ ಕೋಣೆಯ ಸಂಸಾರ. ಚಾಳಿನ ತುದಿಯಲ್ಲಿ ಎಲ್ಲರಿಗೂ ಸೇರಿ ಒಂದು ನಲ್ಲಿ. ನೀರು ಬರುತ್ತಿದ್ದದ್ದು ಬೆಳಗಿನ ಜಾವ, ಅದೂ ತನಗೆ ಮನಸ್ಸು ಬಂದಷ್ಟು ಹೊತ್ತು. ಹಿಂದಿನ ರಾತ್ರಿಯೇ ಕೊಡ, ಡಬ್ಬ, ತೂತಾದ ಬಾಲ್ದಿ ಎಲ್ಲ ಸಾಲಾಗಿ ನಿಂತಿರಬೇಕು. ಪಾತ್ರೆ ಸಾಲದವರು ಒಂದು ಕಲ್ಲನ್ನೋ ಹಳೆಯ ಚಪ್ಪಲಿಯನ್ನೋ ನಿಲ್ಲಿಸಿ ಹೋಗುತ್ತಿದ್ದರು. ಆ ಕಲ್ಲಿಗೂ ಮರ್ಯಾದೆಯಿತ್ತು. ಅದನ್ನು ದಾಟಿ ಕೊಡ ಇಟ್ಟವರ ವಂಶವನ್ನೇ ಜಾಲಾಡಲಾಗುತ್ತಿತ್ತು. ನಲ್ಲಿ ಮೊದಲು ಬುಸ್ಸೆಂದು ಗಾಳಿ ಬಿಡುವುದು, ಆಮೇಲೆ ಎರಡು ಸಲ ಕೆಮ್ಮಿ ಕಂದು ನೀರು ಉಗುಳುವುದು, ಆಮೇಲೆ ತೆಳ್ಳನೆಯ ಬಿಳಿ ಧಾರೆ. ಆ ಬುಸ್ಸು ಕೇಳಿದ ಕೂಡಲೇ ಚಾಳಿನ ಬಾಗಿಲುಗಳೆಲ್ಲ ಒಟ್ಟಿಗೆ ತೆರೆಯುತ್ತಿದ್ದವು. ಅಲಾರಾಂ ಗಡಿಯಾರ ನಮ್ಮಲ್ಲಿ ಇರಲೂ ಇಲ್ಲ, ಬೇಕಾಗಲೂ ಇಲ್ಲ.

ಆ ಗಾಳಿಯ ಹಿಂದೆ ಒಬ್ಬ ಮನುಷ್ಯನಿದ್ದಾನೆಂದು ತಿಳಿದದ್ದು ಎಷ್ಟೋ ಕಾಲದ ಮೇಲೆ. ಅವನು ಚಾವಿವಾಲಾ. ಮಹಾನಗರಪಾಲಿಕೆಯ ಖಾಕಿ ಅಂಗಿ, ಹೆಗಲ ಮೇಲೆ ಆಳೆತ್ತರದ ಕಬ್ಬಿಣದ ಚಾವಿ. ರಸ್ತೆಯ ಮುಚ್ಚಳ ಎತ್ತಿ, ಚಾವಿಯ ತುದಿಯನ್ನು ಒಳಗಿಳಿಸಿ, ಮೇಲಿನ ಅಡ್ಡಪಟ್ಟಿಯನ್ನು ಗಾಣದ ಎತ್ತು ಸುತ್ತಿದ ಹಾಗೆ ಸುತ್ತಿಸಿದರೆ ನಮ್ಮ ಗಲ್ಲಿಗೆ ನೀರು. ತಿರುಗಾ ಸುತ್ತಿಸಿದರೆ ಪಕ್ಕದ ಗಲ್ಲಿಗೆ. ಮಂತ್ರಿ ಬಂದರೂ ಕತ್ತೆತ್ತದ ನಮ್ಮ ಚಾಳಿನ ಹೆಂಗಸರು ಚಾವಿವಾಲಾನಿಗೆ ಮಾತ್ರ ಚಹಾ ಕೊಡುತ್ತಿದ್ದರು, ಅದೂ ಗಟ್ಟಿ ಹಾಲಿನದು.

ನಮ್ಮಮ್ಮ ಮರಾಠಿ ಕಲಿತದ್ದು ಈ ನಲ್ಲಿಯ ಬುಡದಲ್ಲಿ. ಕೋಟದ ಕಡೆಯಿಂದ ಮದುವೆಯಾಗಿ ನೇರ ಮುಂಬಯಿಗೆ ಬಂದವಳು. ಮನೆಯಲ್ಲಿ ಕುಂದಾಪುರ ಕನ್ನಡ, ಪಕ್ಕದವರೊಡನೆ ಅಷ್ಟಿಷ್ಟು ತುಳು, ಅಷ್ಟೇ. ಆದರೆ ನಲ್ಲಿಯ ಹತ್ತಿರ "ಮಾಝಾ ನಂಬರ್ ಆಹೆ", "ಥೋಡಂ ಸರಕಾ", "ಪಾಣಿ ಗೇಲಂ ಕಾ?" ಎಂದು ಅವಳು ಗಂಟಲೇರಿಸಿದರೆ ರತ್ನಾಗಿರಿಯಿಂದ ಬಂದವರೇ ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಅಲ್ಲಿಂದಾಚೆ ಅವಳ ಮರಾಠಿ ಬೆಳೆಯಲಿಲ್ಲ. ದವಾಖಾನೆಗೆ ಹೋದರೂ ಮೊದಲ ಮಾತು "ಮಾಝಾ ನಂಬರ್ ಆಹೆ". ಅಣ್ಣ ಮರಾಠಿ ಹುಡುಗಿಯನ್ನು ಮದುವೆಯಾದಾಗ ಬೀಗರು ಮೊದಲ ಸಲ ಮನೆಗೆ ಬಂದರು. ಅಮ್ಮ ತಟ್ಟೆಯಲ್ಲಿ ಲೋಟಗಳನ್ನಿಟ್ಟುಕೊಂಡು ಹೋಗಿ ಸಂಭ್ರಮದಿಂದ "ಪಾಣಿ ಆಲಂ!" ಎಂದು ಘೋಷಿಸಿದಳು. ಬೀಗರೂ ಚಾಳಿನವರೇ. ಪಾಪ, ಅರ್ಧ ಎದ್ದುನಿಂತರು.

ಇನ್ನೊಂದು ವಿಚಿತ್ರ: ಇಷ್ಟೆಲ್ಲ ಜಗಳವಾಡಿ ತಂದ ನೀರು ಒಂದು ರಾತ್ರಿ ಕಳೆದರೆ ಅವಳಿಗೆ ಹಳತು. ಮರುದಿನ ನಲ್ಲಿ ಬುಸ್ಸೆಂದ ಕೂಡಲೇ ಉಳಿದದ್ದನ್ನೆಲ್ಲ ಮೋರಿಗೆ ಸುರಿದು ಹೊಸತು ಹಿಡಿಯುತ್ತಿದ್ದಳು. ಚಾಳಿನ ಎಲ್ಲ ಹೆಂಗಸರದ್ದೂ ಇದೇ ಪದ್ಧತಿ. ನೀರು ಸಾಲದು ಎಂದು ಅಳುವುದೂ ಅವರೇ, ಚೆಲ್ಲುವುದೂ ಅವರೇ. ನಾನು ಚೆಲ್ಲುವುದಿಲ್ಲ, ಗಿಡಕ್ಕೆ ಹಾಕುತ್ತೇನೆ. ಗಿಡಗಳು ಕೊಳೆತು ಸಾಯುವುದು ಬೇರೆ ಮಾತು.

ಅಪ್ಪಯ್ಯನ ನೀರಿನ ಚಿಂತೆ ಇದಕ್ಕಿಂತ ಘನವಾದದ್ದು. ಗಿರಾಕಿಗಳು ಟೇಬಲ್ಲಿನ ಮೇಲೆ ಬಿಟ್ಟುಹೋದ ಪೇಪರನ್ನು ರಾತ್ರಿ ಮನೆಗೆ ತಂದು, ಮಳೆಗಾಲ ಶುರುವಾಯಿತೆಂದರೆ ಕೆರೆಗಳ ಮಟ್ಟವನ್ನು ಗಟ್ಟಿಯಾಗಿ ಓದುತ್ತಿದ್ದರು: ತುಳಸಿ, ವಿಹಾರ್, ತಾನ್ಸಾ, ಮೋಡಕ್ ಸಾಗರ್. ವಿಹಾರ್ 1860ರದ್ದು, ಕೊಳವೆಯಲ್ಲಿ ಮುಂಬಯಿಗೆ ಬಂದ ಮೊದಲ ನೀರು ಅದರದ್ದು ಎಂದು ಅವರೇ ಹೇಳಿಕೊಟ್ಟದ್ದು. ಮೋಡಕ್ ಸಾಗರ್ ಎಂದರೆ ಗಣಪತಿಯ ಮೋದಕಗಳು ತೇಲುತ್ತಿರುವ ಸರೋವರವೆಂದು ನಾನು ನಂಬಿದ್ದೆ, ಅದು ಎನ್. ವಿ. ಮೋಡಕ್ ಎಂಬ ಇಂಜಿನಿಯರರ ಹೆಸರೆಂದು ತಿಳಿದ ದಿನ ನಿಜಕ್ಕೂ ಬೇಜಾರಾಯಿತು. ಈಗ ಕೆರೆಗಳು ಏಳಾಗಿವೆ: ಮೇಲಿನ ವೈತರಣಾ, ಭಾತ್ಸಾ, 2014ರಿಂದ ನಡುವಿನ ವೈತರಣಾ ಕೂಡ. ತಾನ್ಸಾ ಕೋಡಿ ಬಿತ್ತು ಎಂಬ ಸುದ್ದಿ ಬಂದ ದಿನ ನಾನು ಈಗಲೂ ಮನೆಯಲ್ಲಿ ಎಲ್ಲರಿಗೂ ಹೇಳುತ್ತೇನೆ. ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಆ ಕಟ್ಟೆಗಳನ್ನು ಹೊತ್ತ ಶಹಾಪುರ ತಾಲೂಕಿನ ಹಳ್ಳಿಗಳು ಬೇಸಿಗೆಯಲ್ಲಿ ಟ್ಯಾಂಕರ್ ಕಾಯುತ್ತ ಕೂರುತ್ತವೆ ಎಂದು ಓದಿದ ಮೇಲೆ ನನಗೂ ಮೊದಲಿನಷ್ಟು ಗಟ್ಟಿಯಾಗಿ ಹೇಳಲು ನಾಲಿಗೆ ಬರುವುದಿಲ್ಲ.

ಏಪ್ರಿಲ್ ಬಂತೆಂದರೆ ಊರು. ಕೊಂಕಣ ರೈಲು ಪೂರ್ತಿಯಾಗಿ ಓಡಲು ಶುರುವಾದದ್ದು 1998ರಲ್ಲಿ. ನಮ್ಮ ಕಾಲಕ್ಕೆ ಬಸ್ಸೇ ಗತಿ. ರಾತ್ರಿ, ಹಗಲು, ವಾಂತಿ, ನಿದ್ದೆ ಎಲ್ಲ ಮುಗಿದು ಮರವಂತೆ ಬಂದಾಗ ಮಕ್ಕಳೆಲ್ಲ ಎದ್ದು ಕೂರುತ್ತಿದ್ದೆವು. ಬಲಗಡೆ ಕಡಲು, ಎಡಗಡೆ ಸೌಪರ್ಣಿಕಾ, ನಡುವೆ ಒಂದು ರಸ್ತೆಯಷ್ಟೇ ನೆಲ. ಯಾವ ಕಿಟಕಿಯಿಂದ ನೋಡುವುದೆಂದು ತಿಳಿಯದೆ ಬಸ್ಸಿನೊಳಗೇ ಆಚೀಚೆ ಓಡುತ್ತಿದ್ದೆವು. ಕೊಡಕ್ಕೊಂದು ನಂಬರು ಹಚ್ಚಿ ನೀರು ಹಿಡಿಯುವ ಊರಿನಿಂದ ಬಂದವರಿಗೆ ಇಷ್ಟು ನೀರು ಸುಮ್ಮನೆ ಬಿದ್ದುಕೊಂಡಿದೆ, ಒಬ್ಬರೂ ಸಾಲು ನಿಂತಿಲ್ಲ ಎಂಬುದೇ ಅರಗುತ್ತಿರಲಿಲ್ಲ.

ಅಜ್ಜಿಯ ಮನೆ ಸಾಸ್ತಾನದ ಹತ್ತಿರ. ದಕ್ಷಿಣಕ್ಕೆ ಸೀತಾನದಿ, ಮನೆಯ ಹಿಂದಿನ ಗದ್ದೆ ದಾಟಿದರೆ ಮದಗ. ಮುರಕಲ್ಲಿನ ಮೆಟ್ಟಿಲು, ಒಂದು ಬದಿಗೆ ಕೇದಗೆ ಪೊದೆ, ಹಸಿರುಗಪ್ಪು ನೀರು. ಮಾವ ಸುಲಿಯದ ಎರಡು ಒಣ ತೆಂಗಿನಕಾಯಿಗಳ ಸಿಪ್ಪೆ ಸ್ವಲ್ಪ ಬಿಡಿಸಿ, ಜುಟ್ಟಿಗೆ ಜುಟ್ಟು ಗಂಟು ಹಾಕಿ, ಹುಡುಗರ ಎದೆಯಡಿಗೆ ಕೊಟ್ಟು ನೀರಿಗೆ ದೂಡುತ್ತಿದ್ದರು. ಅವರು ನಾಯಿಗಳು ಈಜಿದಷ್ಟೇ ಚಂದಕ್ಕೆ ನಾಲ್ಕು ಕೈ ಹೊಡೆದು, ನೀರು ಕುಡಿದು, ಕೆಮ್ಮಿ, ಒಂದು ವಾರದೊಳಗೆ ಕಾಯಿ ಬಿಸುಟು ಆಚೆ ದಡ ಮುಟ್ಟಿ ಬರುತ್ತಿದ್ದರು. ನನ್ನ ಅಣ್ಣನೂ ಹಾಗೇ ಕಲಿತ. ನಾನು ಮೆಟ್ಟಿಲ ಮೇಲೆ ಕೂತು ಅವರ ಅಂಗಿ ಕಾಯುತ್ತಿದ್ದೆ. "ಹೆಣ್ ಮಕ್ಳ್ ಮದ್ಗಕ್ಕೆ ಇಳೂಕಾಗ" ಎಂದು ಅಜ್ಜಿಯ ಕಟ್ಟಪ್ಪಣೆ. ಎಂತಕ್ಕೆ ಎಂದರೆ ಮೊಸಳೆ ಇದೆ. ಹುಡುಗರನ್ನು ಮೊಸಳೆ ಯಾಕೆ ಹಿಡಿಯುವುದಿಲ್ಲ ಎಂದರೆ ಹೆಣ್ಣುಮಕ್ಕಳು ಹೆಚ್ಚು ಮಾತಾಡಬಾರದು. ಸೊಂಟಕ್ಕೆ ಕೊಡಪಾನ ಇಟ್ಟು ಬಾವಿಗೆ ಕಳಿಸುವಾಗ ಮಾತ್ರ ನಾನು ಹೆಣ್ಣೆಂಬುದು ಯಾರಿಗೂ ಅಡ್ಡ ಬರಲಿಲ್ಲ.

ಆ ಮದಗದಲ್ಲಿ ಮೊಸಳೆಯ ಹಲ್ಲೂ ಇರಲಿಲ್ಲ. ಮೊಸಳೆ ಇದ್ದದ್ದು ಮುಂಬಯಿಯಲ್ಲಿ. ಪವಾಯಿ ಕೆರೆಯ ದಂಡೆಯಲ್ಲಿ ಈಗಲೂ ಅವು ಬಿಸಿಲು ಕಾಯಿಸುತ್ತ ಬಿದ್ದಿರುತ್ತವೆ. ಒಂದು ಮಗ್ಗುಲಲ್ಲಿ ಐಐಟಿ, ಇನ್ನೊಂದು ಕಡೆ ಆಕಾಶ ಮುಟ್ಟುವ ಕಟ್ಟಡಗಳು. ಕುಡಿಯಲೆಂದು ಕಟ್ಟಿಸಿದ ಕೆರೆಯ ನೀರು ಬಾಯಿಗೆ ಹಾಕುವ ಹಾಗಿಲ್ಲವೆಂದು ಬಿಟ್ಟರಂತೆ, ಮೊಸಳೆಗಳಿಗೆ ಹಿಡಿಸಿತು. ಮದುವೆಯಾದ ಹೊಸತರಲ್ಲಿ ಇವರು ನನ್ನನ್ನು ಅಲ್ಲಿಗೆ ತಿರುಗಾಡಿಸಲು ಕರೆದೊಯ್ದು ಕಡಲೆಕಾಯಿ ಕೊಡಿಸಿದ್ದರು. ಅಜ್ಜಿಗೆ ಕಾಗದ ಬರೆದು ತಿಳಿಸೋಣವೆಂದುಕೊಂಡವಳು, ಮೊಮ್ಮಗಳನ್ನು ಎಂಥ ಕಡೆ ಕೊಟ್ಟೆವಪ್ಪ ಎಂದು ಅವಳು ಎದೆ ಒಡೆದುಕೊಳ್ಳುವುದು ಬೇಡವೆಂದು ಸುಮ್ಮನಾದೆ.

ಮುಂಬಯಿಯಲ್ಲಿ ಮದಗ ಹುಡುಕುವ ಚಟವೂ ನನಗಿತ್ತು. ಒಂದು ಭಾನುವಾರ ಅಪ್ಪಯ್ಯ "ನಾಳೆ ಧೋಬಿ ತಲಾವ್‌ಗೆ ಹೋಗುವ" ಎಂದಾಗ ನಾನು ಟವೆಲ್ ಮಡಚಿಟ್ಟುಕೊಂಡಿದ್ದೆ. ಬಸ್ಸಿಳಿದರೆ ಎದುರಿಗೆ ಮೆಟ್ರೋ ಸಿನಿಮಾ. ತಲಾವ್ ಮುಚ್ಚಿ ಎಷ್ಟೋ ಕಾಲವಾಗಿತ್ತು. ಸಿ. ಪಿ. ಟ್ಯಾಂಕಿನಲ್ಲಿ ಟ್ಯಾಂಕಿಲ್ಲ. ಗೋವಾಲಿಯಾ ಟ್ಯಾಂಕ್ ಮೈದಾನವಾಗಿ, 1942ರಲ್ಲಿ ಅಲ್ಲಿಂದಲೇ ಬ್ರಿಟಿಷರಿಗೆ ಹೊರಡಿ ಎಂದು ಹೇಳಿಯಾಗಿತ್ತು. ಈ ಊರು ತನ್ನ ಕೆರೆಗಳನ್ನು ಒಂದೊಂದಾಗಿ ಮುಚ್ಚಿ, ಹೆಸರನ್ನು ಬಸ್ ಸ್ಟಾಪಿಗೆ ಕೊಟ್ಟು, ನೀರನ್ನು ನೂರು ಕಿಲೋಮೀಟರ್ ಆಚೆಯಿಂದ ತರಿಸಿಕೊಂಡಿತು. ಉಳಿದದ್ದು ವಾಲ್ಕೇಶ್ವರದ ಬಾಣಗಂಗಾ. ಸಮುದ್ರ ಕೂಗಳತೆಯಲ್ಲಿ ಬಡಿಯುತ್ತಿದ್ದರೂ ಸಿಹಿ ನೀರು, ರಾಮ ಬಾಣ ಬಿಟ್ಟು ತೆಗೆದದ್ದೆಂದು ಕತೆ. ಅಲ್ಲಿಯೂ ಮೆಟ್ಟಿಲಿಂದ ಧುಮುಕುವವರು ಹುಡುಗರೇ. ಬ್ರೀಚ್ ಕ್ಯಾಂಡಿಯ ಕೊಳವಂತೂ ಬಹುಕಾಲ ಬಿಳಿಯರಿಗಷ್ಟೇ ಮೀಸಲಾಗಿತ್ತು. ಅದರ ಆಕಾರ ಅವಿಭಜಿತ ಭಾರತದ ನಕ್ಷೆ. ಅದನ್ನು ನಾನು ಚಿತ್ರದಲ್ಲಿ ಮಾತ್ರ ನೋಡಿದ್ದು. ನೋಡಿದಾಗಲೆಲ್ಲ ನಮ್ಮ ಸಾಸ್ತಾನ ಎಷ್ಟು ಅಡಿ ನೀರಿನಲ್ಲಿರಬಹುದು ಎಂದು ಯೋಚನೆಯಾಗುತ್ತದೆ.

ಹೀಗೆ ಐವತ್ತು ಹತ್ತಿರವಾದರೂ ನಾನು ಪಾದ ಮುಳುಗುವಷ್ಟಕ್ಕಿಂತ ಹೆಚ್ಚು ನೀರಿಗೆ ಇಳಿದಿರಲಿಲ್ಲ. ಆಮೇಲೆ 2005ರ ಜುಲೈ 26 ಬಂತು. ನಾನಾಗ ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿನ ಕಚೇರಿಯಲ್ಲಿದ್ದೆ. ಮಧ್ಯಾಹ್ನ ಕವಿದ ಕತ್ತಲೆ ಬಿಡಲೇ ಇಲ್ಲ. ಸಾಂತಾಕ್ರೂಜ್ ಹವಾಮಾನ ಕೇಂದ್ರ ಒಂದೇ ದಿನದಲ್ಲಿ ಅಳೆದದ್ದು 944 ಮಿಲಿಮೀಟರ್; ನಮ್ಮಮ್ಮ ಒಂದೊಂದು ಕೊಡಕ್ಕೆ ಗಂಟಲು ಹರಿದುಕೊಂಡ ವಾಕೋಲಾದ ಮಗ್ಗುಲಲ್ಲೇ. ಸಂಜೆ ಕುರ್ಲಾ ಕಡೆಗೆ ನಡೆಯತೊಡಗಿದೆವು. ಮೊದಲು ಮೊಣಕಾಲು, ಆಮೇಲೆ ಸೊಂಟ, ಮೀಠಿ ನದಿಯ ಹತ್ತಿರ ಎದೆ. ನದಿ ಯಾವುದು, ರಸ್ತೆ ಯಾವುದು ಗೊತ್ತಾಗುತ್ತಿರಲಿಲ್ಲ. ಅಲ್ಲಿನ ಝೋಪಡಿಗಳ ಹುಡುಗರು ಕಂಬದಿಂದ ಕಂಬಕ್ಕೆ ಹಗ್ಗ ಕಟ್ಟಿ, ನೀರಲ್ಲಿ ನಿಂತು, "ಆಂಟೀ, ಹಾಥ್ ದೋ" ಎನ್ನುತ್ತಿದ್ದರು. ಅವರ ಮನೆಗಳೇ ಮುಳುಗಿದ್ದವು. ಆ ರಾತ್ರಿ ಗುರುತಿಲ್ಲದವರ ಮಾಳಿಗೆಯ ಮೆಟ್ಟಿಲ ಮೇಲೆ ಗ್ಲುಕೋಸ್ ಬಿಸ್ಕತ್ತು ತಿನ್ನುತ್ತ ಕೂತಾಗ, ಬದುಕಿದರೆ ಈಜು ಕಲಿಯುತ್ತೇನೆಂದು ಪಕ್ಕದಲ್ಲಿದ್ದ ಹೆಂಗಸಿಗೆ ಹೇಳಿದೆ. ಅವಳು ಬದುಕಿದರೆ ಊರಿಗೆ ಹೋಗಿಬಿಡುತ್ತೇನೆ ಎಂದಳು.

ಹೀಗೆ ಚೆಂಬೂರಿನ ಮಹಾನಗರಪಾಲಿಕೆ ಈಜುಕೊಳದ ಲೇಡೀಸ್ ಬ್ಯಾಚಿಗೆ ನನ್ನ ಪ್ರವೇಶ. ಡಾಕ್ಟರ್ ಸರ್ಟಿಫಿಕೇಟು, ಫೋಟೋ, ಫಾರಂ, ಕೂದಲು ಕಿತ್ತುಹೋಗುವಷ್ಟು ಬಿಗಿಯಾದ ರಬ್ಬರ್ ಟೊಪ್ಪಿ. ಮೊಣಕಾಲ ತನಕ ಬರುವ ಕಾಸ್ಟ್ಯೂಮ್ ಹಾಕಿಕೊಂಡು ಕನ್ನಡಿಯ ಮುಂದೆ ನಿಂತಾಗ ಅಜ್ಜಿಯ ಮೊಸಳೆಯೇ ಎದುರಿಗೆ ಕಂಡಿತು. ಕಾರಣ ಕೇಳಿದ ಕೋಚಿಗೆ ಪ್ರವಾಹದ ಕತೆ ಹೇಳಿದೆ. "ತಾಯೀ, ರಸ್ತೆಯ ನೀರಲ್ಲಿ ಈಜಿ ಯಾರೂ ಮನೆ ಸೇರುವುದಿಲ್ಲ. ಅಲ್ಲಿ ಗಟಾರದ ಮುಚ್ಚಳ ತೆರೆದಿದೆಯೋ ನೋಡಿಕೊಂಡು ನಡೆಯುವುದೇ ವಿದ್ಯೆ" ಎಂದು ಅವರು ಹಿಂದಿಯಲ್ಲಿ ತಣ್ಣಗೆ ಹೇಳಿದರು. ಫೀಸು ಕಟ್ಟಿಯಾಗಿತ್ತು, ಇಳಿದೆ.

ಮೊದಲ ದಿನಗಳಲ್ಲಿ ನಾನು ಮಾಡಿದ್ದು ಲೆಕ್ಕ. ಒಲಿಂಪಿಕ್ ಅಳತೆಯ ಕೊಳವೆಂದರೆ 50 ಮೀಟರ್ ಉದ್ದ, 25 ಮೀಟರ್ ಅಗಲ, ಎರಡು ಮೀಟರ್ ಆಳ ಎಂದು ಹಿಡಿದರೆ 25 ಲಕ್ಷ ಲೀಟರ್. ನಮ್ಮ ಮನೆಯ 20 ಲೀಟರ್ ಬಾಲ್ದಿಯಲ್ಲಿ 1,25,000 ಬಾಲ್ದಿ. ಅಷ್ಟು ನೀರಿನ ಮುಂದೆ ಕಂಬಿ ಹಿಡಿದು ನಿಂತವಳಿಗೆ, ಇದನ್ನು ಹೇಗೆ ತುಂಬಿಸಿಟ್ಟುಕೊಳ್ಳುವುದು ಎಂಬ ಯೋಚನೆ ಬಿಟ್ಟು ಬೇರೇನೂ ಹೊಳೆಯಲಿಲ್ಲ.

ಕೈಕಾಲು ಬಡಿಯುವುದು ಬೇಗ ಬಂತು. ಬಾರದಿದ್ದದ್ದು ಉಸಿರು. ಮುಖ ನೀರಲ್ಲಿಟ್ಟು ಬಾಯಿಂದ ಗುಳ್ಳೆ ಬಿಡಬೇಕು, ಕತ್ತು ಹೊರಳಿಸಿ ಗಾಳಿ ಎಳೆದುಕೊಳ್ಳಬೇಕು, ಅಷ್ಟೇ. ನಾನು ಎದೆ ಒಡೆಯುವಷ್ಟು ಗಾಳಿ ತುಂಬಿಕೊಂಡು ಮುಳುಗುತ್ತಿದ್ದೆ, ಒಂದು ಗುಳ್ಳೆಯನ್ನೂ ಬಿಡುತ್ತಿರಲಿಲ್ಲ. ಹೊರಗೆ ಬಂದಾಗ ಒಳಗೆ ಜಾಗವಿಲ್ಲ; ಹೊಸ ಗಾಳಿ ಎಲ್ಲಿಂದ ಹೋಗಬೇಕು? ಕೋಚು ದಡದಲ್ಲಿ ಬಗ್ಗಿ ಕೂತು "ಸೋಡಾ, ಶ್ವಾಸ್ ಸೋಡಾ!" ಎಂದು ಕೂಗುತ್ತಿದ್ದರು. ಹಿಡಿದಿಡುವುದರಲ್ಲಿ ಪಳಗಿದವಳು ನಾನು. ಬಿಡು ಎಂದು ಈವರೆಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಒಂದು ಬೆಳಿಗ್ಗೆ, ರೇಗಿ, ಅವರನ್ನು ಬೈಯಲೆಂದು ನೀರೊಳಗೇ ಬಾಯಿ ತೆರೆದೆ. ಬೈಗುಳ ಕಿವಿಯ ಪಕ್ಕದಲ್ಲಿ ಬುಳುಬುಳು ಎಂದು ಮೇಲೆ ಹೋಯಿತು. ಕತ್ತು ಹೊರಳಿಸಿದರೆ ಗಾಳಿ ತಾನಾಗಿ ಒಳಗೆ ಬಂತು. ಅಡ್ಡಗಲ ದಾಟಿ ಎದುರು ಗೋಡೆ ಹಿಡಿದಾಗ ಅತ್ತ ಮೂಲೆಯಲ್ಲಿ ಕತ್ತಿನ ತನಕ ನೀರಲ್ಲಿ ನಿಂತು ಉಕಡೀಚೆ ಮೋದಕಕ್ಕೆ ಅಕ್ಕಿಹಿಟ್ಟು ಎಷ್ಟು ಬಿಸಿ ಇರಬೇಕೆಂದು ಚರ್ಚಿಸುತ್ತಿದ್ದ ನಾಲ್ಕು ಹೆಂಗಸರು ಮಾತು ನಿಲ್ಲಿಸಿ ಚಪ್ಪಾಳೆ ತಟ್ಟಿದರು. ಮೋದಕದ ಸಾಗರ ಇದ್ದೇ ಇತ್ತು, ಅಪ್ಪಯ್ಯ ಹೇಳಿದ ಕಡೆ ಇರಲಿಲ್ಲ ಅಷ್ಟೇ.

ಕಲಿತ ವಿದ್ಯೆ ತೋರಿಸಲು ಒಂದು ಸಪ್ಟೆಂಬರಿನಲ್ಲಿ ಊರಿಗೆ ಹೋದೆ. ಈಗೀಗ ಬೇಸಿಗೆಯಲ್ಲಿ ಹೋದರೆ ಮದಗದಲ್ಲಿ ಕೆಸರು ಬಿಟ್ಟು ಏನೂ ಇರುವುದಿಲ್ಲ. ಮಳೆಯ ಮೇಲೆ ತುಂಬಿತ್ತು. ಅಜ್ಜಿ ಇಲ್ಲ, ಮಾವ ಇಲ್ಲ; ಅತ್ತೆ ಕೋಲೂರಿಕೊಂಡು ಗದ್ದೆಯ ಅಂಚಿನ ತನಕ ಬಂದರು. ಸಲ್ವಾರಿನಲ್ಲೇ ಇಳಿದೆ. ತಳದಲ್ಲಿ ನೀಲಿ ಗೆರೆಯಿಲ್ಲ, ಹಿಡಿಯಲು ಕಂಬಿಯಿಲ್ಲ, ಕ್ಲೋರಿನ್ ವಾಸನೆಯಿಲ್ಲ. ಕಾಲಿಗೆ ಜೊಂಡು ಸುತ್ತಿತು. ಮೀನುಮರಿಗಳು ಹಿಮ್ಮಡಿಯ ಒಡಕನ್ನು ಒಂದೇ ಸಮನೆ ಕಚ್ಚತೊಡಗಿದವು. ಅರ್ಧ ದಾರಿ ಹೋಗುವಷ್ಟರಲ್ಲಿ, ಗೋಡೆ ಬರುವ ಹೊತ್ತಾಯಿತೆಂದು ಕೈ ಚಾಚಿದೆ, ಅಲ್ಲೇನೂ ಇರಲಿಲ್ಲ. ಹಿಂತಿರುಗಿದೆ. ಆಚೆ ದಡ ಹುಡುಗರದ್ದಾಗಿಯೇ ಉಳಿಯಿತು. "ಸಾಕ್ ಬಾ ಹೆಣೆ, ಚಳಿ ಆತ್ತ್" ಎಂದರು ಅತ್ತೆ. ಅರವತ್ತು ಸಮೀಪಿಸಿದವಳನ್ನು ಹೆಣೆ ಎನ್ನಲು ಊರಿನಲ್ಲಿ ಇನ್ನೊಬ್ಬರು ಉಳಿದಿದ್ದಾರೆಂದು ಖುಷಿಯಾಗಿ ಮೇಲೆ ಬಂದೆ.

ಈಗಲೂ ಬೆಳಿಗ್ಗೆ ಲೇಡೀಸ್ ಬ್ಯಾಚಿಗೆ ಹೋಗುತ್ತೇನೆ. ಮಳೆ ತಡವಾಗಿ ನೀರು ಕಡಿತವೆಂದು ಪೇಪರಿನಲ್ಲಿ ಬಂದರೆ ನಮ್ಮ ಮೊದಲ ಚಿಂತೆ ಕುಡಿಯುವ ನೀರಿನದ್ದಲ್ಲ, ಕೊಳ ಮುಚ್ಚುತ್ತಾರೋ ಎಂಬುದು. ಇಷ್ಟು ಸ್ವಾರ್ಥ ನನ್ನಲ್ಲಿದೆಯೆಂದು ಮೊದಲು ಗೊತ್ತಿರಲಿಲ್ಲ. ಈಜುವಾಗ ಎಲ್ಲರೂ ಒಬ್ಬರಿಗೊಬ್ಬರು ದಾರಿ ಬಿಡುತ್ತಾರೆ, ಗುಜರಾತಿ, ತಮಿಳು, ಸಿಂಧಿ ಎಂದಿಲ್ಲ. ಸೀಟಿ ಊದಿದ ಮೇಲೆ ಬೇರೆ ಲೋಕ. ಷವರುಗಳು ನಾಲ್ಕು, ಅದರಲ್ಲಿ ಒಂದು ಕೆಟ್ಟಿರುತ್ತದೆ. ಕಚೇರಿಗೆ ಹೋಗುವವರಿಗೆ ಆತುರ, ನಮ್ಮಂಥವರಿಗೆ ಕ್ಲೋರಿನ್ ತುರಿಕೆ. ಮೊನ್ನೆ ಕೊಳಕ್ಕೆ ಇಳಿಯುವ ಮೊದಲೇ ನನ್ನ ಸೋಪಿನ ಡಬ್ಬಿಯನ್ನು ಷವರಿನ ಮುಂದೆ ಇಟ್ಟು ಹೋಗಿದ್ದೆ. ಬಂದು ನೋಡಿದರೆ ಹೊಸದಾಗಿ ಸೇರಿದವಳೊಬ್ಬಳು ಅದನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿ ನಿಂತಿದ್ದಾಳೆ. ನನ್ನ ಗಂಟಲಿನಿಂದ ನಾನೇ ಬೆಚ್ಚುವಷ್ಟು ಜೋರಾಗಿ ಹೊರಟಿತು: "ಮಾಝಾ ನಂಬರ್ ಆಹೆ!"

ಅವಳು ಕಣ್ಣುಜ್ಜಿಕೊಳ್ಳುತ್ತ ತಿರುಗಿ, "ನಂಬರ್ ಆಪ್ ಕಾ ಹೈ ತೋ ಆಪ್ ಖಡೀ ರಹಿಯೇ ನಾ, ಸಾಬುನ್ ಕ್ಯೂಂ ಖಡಾ ಹೈ?" ಎಂದಳು.

ಅಮ್ಮನ ಮರಾಠಿಯಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಹೋಗಿ ಡಬ್ಬಿಯ ಹಿಂದೆ ನಿಂತುಕೊಂಡೆ.